ಐತಪ್ಪ ಕೊಂದ ನಲವತ್ತು ಜನ

ಪಾಕಿಸ್ತಾನದ ಟ್ಯಾಂಕ್ ಎಂದು ರೋಹಿತ್ ನನಗೆ ತೋರಿಸಿದ್ದು ಬಜಗೋಳಿಯಿಂದ ಬಾಡಿಗೆಗೆ ತಂದ ಒಂದು ಜೆಸಿಬಿಯನ್ನು. ಅದರ ಸುತ್ತ ಪ್ಲೈವುಡ್ ಹೊಡೆದು, ಹಸಿರು ಬಣ್ಣ ಬಳಿದು, ಮುಂದೆ ಒಂದು ಪಿವಿಸಿ ಪೈಪು ಸಿಕ್ಕಿಸಿದ್ದರು. ಪೈಪಿನ ಅಳತೆ ಎಷ್ಟು ಇಂಚು ಎಂದು ಬಣ್ಣದ ಅಡಿಯಿಂದಲೂ ಓದಲು ಬರುತ್ತಿತ್ತು.

“ಹೇಗುಂಟು ಅಂಕಲ್?” ಎಂದ.

“ತೋಟಕ್ಕೆ ನೀರು ಬಿಡಲಿಕ್ಕೆ ಆದೀತು” ಎಂದೆ.

ಅವನು ನಕ್ಕ. ಬೈದರೂ ನಗುವ ಅಭ್ಯಾಸ ಅವನಿಗೆ. ಮೂರು ವರ್ಷದ ಹಿಂದಿನವರೆಗೂ ಮಣಿಪಾಲದಲ್ಲಿ ಮದುವೆಯ ವೀಡಿಯೋ ಮಾಡಿಕೊಂಡಿದ್ದವನು. ಮದುಮಗಳ ಕಡೆಯವರೂ ಮದುಮಗನ ಕಡೆಯವರೂ ಸೇರಿ ಬೈಯುವ ಕೆಲಸ ಅದು. ಈಗ ಡೈರೆಕ್ಟರ್. ಎಪ್ಪತ್ತೊಂದರ ಯುದ್ಧದ ಮೇಲೆ ಸಿನೆಮಾ ಮಾಡುತ್ತಿದ್ದಾನೆ. ನಾನು, ನಿವೃತ್ತ ಹವಾಲ್ದಾರ್ ಸುಂದರ, ವಯಸ್ಸು ಎಪ್ಪತ್ತೇಳು, ಅವನ ಮಿಲಿಟರಿ ಸಲಹೆಗಾರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಾ ಕುಡಿದು, ಸಲಹೆ ಕೊಟ್ಟು, ಆ ಸಲಹೆ ಯಾಕೆ ಆಗುವುದಿಲ್ಲ ಎಂದು ಕೇಳಿಸಿಕೊಳ್ಳುವುದು ನನ್ನ ಕೆಲಸ.

ಒಂದು ನೋಟುಬುಕ್ಕು ಇಟ್ಟುಕೊಂಡಿದ್ದೆ. ತಪ್ಪು ಕಂಡಲ್ಲೆಲ್ಲ ಬರೆಯುತ್ತಿದ್ದೆ. ನಮಗೆ ಆಗ ಇದ್ದದ್ದು ಅಚ್ಚ ಹಸಿರು ಸಮವಸ್ತ್ರ. ಇವರದ್ದು ಮೊನ್ನೆ ಮೊನ್ನೆ ಬಂದ ಚುಕ್ಕೆಯ ಬಟ್ಟೆ. ನಮ್ಮ ಬೂಟಿನ ಮೇಲೆ ಪಟ್ಟಿ ಸುತ್ತಬೇಕಿತ್ತು. ಇವರ ಹೀರೋ ಜಿಪ್ ಇರುವ ಬೂಟು ಹಾಕಿದ್ದ. ಬಂಗಾಳದ ರಣರಂಗ ಎಂದು ತೋರಿಸಿದ್ದು ಕಾರ್ಕಳದ ಕರಿಬಂಡೆಯನ್ನು. ನಾನು ಕಂಡ ಬಂಗಾಳದಲ್ಲಿ ಒಂದು ಕಲ್ಲು ಬೇಕೆಂದರೆ ಅಕ್ಕಿಯಲ್ಲಿ ಹುಡುಕಬೇಕಿತ್ತು. ನದಿ ದಂಡೆಯ ಕಾಳಗವನ್ನು ಕಾಪುವಿನ ಕಡಲ ಬದಿಯಲ್ಲಿ ತೆಗೆದರು. ಶತ್ರುಗಳು ಓಡಿ ಬರುವಾಗ ಹಿಂದೆ ದೀಪಸ್ತಂಭ ನೆಟ್ಟಗೆ ನಿಂತಿತ್ತು. ತೋರಿಸಿದೆ. “ಅದನ್ನು ಕಂಪ್ಯೂಟರಿನಲ್ಲಿ ಅಳಿಸುತ್ತೇವೆ ಅಂಕಲ್” ಎಂದ. ಅಳಿಸಿದರೂ ಅದರ ನೆರಳು ಮರಳಿನ ಮೇಲೆ ಉಳಿಯಿತು.

ಶತ್ರು ಸೇನೆಯ ನಾಯಕನಾಗಿ ಕಾಪುವಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿರುವ ನಜೀಬನನ್ನು ಹಿಡಿದು ತಂದಿದ್ದರು. ಗಡ್ಡವೊಂದೇ ಅವನ ಅರ್ಹತೆ. ಕಣ್ಣಿಗೆ ಕಾಡಿಗೆ ಬಳಿದು ನನ್ನ ಪಕ್ಕ ಕೂರಿಸಿದ್ದರು.

“ಡಯಲಾಗ್ ಎಷ್ಟುಂಟು?” ಎಂದು ಕೇಳಿದೆ.

“ಡಯಲಾಗ್ ಇಲ್ಲ, ನಗುವುದು ಮಾತ್ರ” ಎಂದ ನಜೀಬ್. “ನಾಲ್ಕು ಸಲ ನಗಬೇಕು, ಮತ್ತೆ ಸಾಯಬೇಕು. ಸಂಜೆ ಅಂಗಡಿ ತೆರೆಯಲಿಕ್ಕೆ ಉಂಟು, ಬೇಗ ಕೊಂದರೆ ಒಳ್ಳೆಯದಿತ್ತು.”

ಇಡೀ ಬಳಗದಲ್ಲಿ ನನಗೆ ಹಿಡಿಸಿದ ಮನುಷ್ಯ ಅವನೊಬ್ಬನೇ.

ನಲವತ್ತೊಂದನೆಯ ತಪ್ಪು ಬರೆದ ದಿನ ನೋಟುಬುಕ್ಕನ್ನು ರೋಹಿತನ ಮುಂದೆ ಹಿಡಿದೆ. “ಇದಕ್ಕಿಂತ ಶಾಲಾ ವಾರ್ಷಿಕೋತ್ಸವದ ನಾಟಕ ವಾಸಿ ಮಾರಾಯ. ಸತ್ಯ ಘಟನೆ ಎಂದು ಬೇರೆ ಹಾಕುತ್ತೀ. ನಾಚಿಕೆ ಆಗುವುದಿಲ್ವಾ ನಿನಗೆ?”

ಅವತ್ತು ಅವನು ನಗಲಿಲ್ಲ. “ಅಂಕಲ್, ಜನ ಟಿಕೆಟ್ ತೆಗೆಯುವುದು ಬೂಟು ನೋಡಲಿಕ್ಕೆ ಅಲ್ಲ. ನಾನು ಐದನೇ ಕ್ಲಾಸಿನಲ್ಲಿರುವಾಗ ಆಗಸ್ಟ್ ಹದಿನೈದಕ್ಕೆ ನೀವು ನಮ್ಮ ಶಾಲೆಗೆ ಬಂದಿದ್ದಿರಿ. ಐತಪ್ಪನವರ ಕತೆ ಹೇಳಿದಿರಿ. ನಾನು ಕೂತಲ್ಲೇ ಅತ್ತಿದ್ದೇನೆ. ಅವತ್ತು ನೀವು ಬೂಟಿನ ಬಗ್ಗೆ ಎಂತದೂ ಹೇಳಲಿಲ್ಲ.”

ನಾನು ನೋಟುಬುಕ್ಕು ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಕತೆ ಇಷ್ಟು. ಅಜೆಕಾರಿನ ಐತಪ್ಪ, ನನ್ನ ಗೆಳೆಯ, ನನ್ನದೇ ಟ್ರಕ್ಕಿನ ಎರಡನೇ ಚಾಲಕ. ನಮ್ಮ ಟ್ರಕ್ಕಿನ ಮೇಲೆ ಶತ್ರುಗಳು ಎರಗಿದಾಗ ನನ್ನನ್ನು ಹೊಂಡಕ್ಕೆ ತಳ್ಳಿ, ತಾನೊಬ್ಬನೇ ರೈಫಲ್ ಹಿಡಿದು ನಿಂತ. ಏಳು ಜನರನ್ನು ಕೊಂದ. ಎದೆಗೆ ಗುಂಡು ಬಿದ್ದ ಮೇಲೆ “ಅಮ್ಮನಿಗೆ ಹೇಳು, ನಾನು ಬೆನ್ನು ತೋರಿಸಲಿಲ್ಲ” ಎಂದು ಹೇಳಿ ಕಣ್ಣು ಮುಚ್ಚಿದ. ಮೊದಲ ವರ್ಷ ನಾನು ಹೇಳುವಾಗ ಎರಡೇ ಜನ ಸತ್ತಿದ್ದರು. ವರ್ಷ ಕಳೆದ ಹಾಗೆ ಏಳಾದರು. ಶಾಲೆಯವರು ಮೈಕ್ ಕೊಟ್ಟಾಗ ಒಮ್ಮೊಮ್ಮೆ ಹನ್ನೊಂದೂ ಆದದ್ದುಂಟು. ರೋಹಿತ್ ಅದನ್ನು ನಲವತ್ತು ಮಾಡಿದ. ಲೆಕ್ಕ ಶುರು ಮಾಡಿದವನು ಮಾತ್ರ ನಾನು.

ಯಾಕೆಂದರೆ ಐತಪ್ಪ ಒಬ್ಬನನ್ನೂ ಕೊಲ್ಲಲಿಲ್ಲ. ಅವನನ್ನು ಕೊಂದದ್ದು ನಾನು ಓಡಿಸುತ್ತಿದ್ದ ಟ್ರಕ್ಕು.

ಸೈನ್ಯಕ್ಕೆ ಸೇರುವ ಮೊದಲು ನಾವಿಬ್ಬರೂ ಕಾರ್ಕಳ–ಉಡುಪಿ ಬಸ್ಸಿನಲ್ಲಿದ್ದೆವು. ಅವನು ಕಂಡಕ್ಟರ್, ನಾನು ಕ್ಲೀನರ್. ಬಸ್ಸು ಹಿಂದೆ ತೆಗೆಯುವಾಗ ಒಬ್ಬ ಹಿಂದೆ ನಿಂತು ಬಸ್ಸಿನ ಮೈಗೆ ಬಡಿಯಬೇಕು. ಎರಡು ಬಡಿದರೆ ಬರಲಿ, ಒಂದು ಬಡಿದರೆ ನಿಲ್ಲಿಸು. ಈ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ಭಾಷೆ. ಸೈನ್ಯದಲ್ಲಿ ಹಾಗಲ್ಲ. ದಾರಿ ತೋರಿಸುವವನು ಚಾಲಕನ ಕಣ್ಣಿಗೆ ಬೀಳುವಲ್ಲಿ ನಿಂತು ಕೈಯಿಂದ ಸನ್ನೆ ಮಾಡಬೇಕು, ವಾಹನದ ಹಿಂದೆ ನಿಲ್ಲಲೇಬಾರದು. ತರಬೇತಿಯಲ್ಲಿ ಅದನ್ನು ನೂರು ಸಲ ಹೇಳಿದ್ದರು. ನಮಗಿಬ್ಬರಿಗೆ ಅದು ನಗೆಯ ವಿಷಯವಾಗಿತ್ತು. ಎರಡು ಬಡಿತದಲ್ಲಿ ಮುಗಿಯುವ ಕೆಲಸಕ್ಕೆ ಇವರು ಯಾಕೆ ಯಕ್ಷಗಾನ ಕುಣಿಯುತ್ತಾರೆ ಎಂದು ಐತಪ್ಪ ಹೇಳುತ್ತಿದ್ದ.

ಯುದ್ಧ ಮುಗಿಯಲು ಮೂರು ದಿನ ಬಾಕಿ. ಬೆಳಿಗ್ಗೆ ದಟ್ಟ ಮಂಜು. ಟ್ರಕ್ಕಿನಲ್ಲಿ ಇದ್ದದ್ದು ಗೋಧಿ ಹಿಟ್ಟು, ಬಟಾಟೆ. ಒಂದು ಹಳ್ಳಿಯ ಶಾಲೆಯ ಗೋಡೆಯ ಪಕ್ಕ ಇಳಿಸಬೇಕಿತ್ತು. ಐತಪ್ಪ ಹಿಂದೆ ಹೋಗಿ ನಿಂತ. ಅವನ ಬೆನ್ನಿಗೆ ಆ ಗೋಡೆ. ಎರಡು ಬಡಿದ, ನಾನು ಹಿಂದೆ ತೆಗೆದೆ. ಮತ್ತೆ ಎರಡು ಬಡಿದ, ಇನ್ನಷ್ಟು ತೆಗೆದೆ. ಆಮೇಲೆ ಒಂದು ಬಡಿದ. ಅದೇ ಹೊತ್ತಿಗೆ ದೂರದಲ್ಲೆಲ್ಲೋ ಒಂದು ತೋಪು ಹಾರಿತು. ನನ್ನ ಕಿವಿಗೆ ಎರಡು ಕೇಳಿತು. ನಾನು ಆಕ್ಸಿಲರೇಟರ್ ಒತ್ತಿದೆ.

ಸೈನ್ಯ ವಿಚಾರಣೆ ಮಾಡಿತು. ಮಂಜು, ಅಪಘಾತ, ಯಾರ ತಪ್ಪೂ ಅಲ್ಲ ಎಂದು ಬರೆದು ಮುಗಿಸಿತು. ಮನೆಗೆ ಹೋದ ಕಾಗದದಲ್ಲಿ ಕರ್ತವ್ಯದಲ್ಲಿದ್ದಾಗ ಮರಣ ಎಂದಷ್ಟೇ ಇತ್ತು. ರಜೆಯಲ್ಲಿ ಅವನ ಟ್ರಂಕು ಹೊತ್ತು ಅಜೆಕಾರಿಗೆ ಹೋದೆ. ಅಂಗಳದಲ್ಲಿ ಇಡೀ ಊರು ಕೂತಿತ್ತು. ಅವನ ತಾಯಿ ನನ್ನ ಎರಡೂ ಕೈ ಹಿಡಿದು ಹೇಗಾಯಿತು ಮಗ ಎಂದು ಕೇಳಿದಳು. ಪಕ್ಕದಲ್ಲಿ ಹದಿನಾರು ವರ್ಷದ ತಂಗಿ ವಿನೋದಾ. ನಾನು ಬಾಯಿ ತೆರೆದೆ, ಕತೆ ಹೊರಗೆ ಬಂತು. ಅಷ್ಟು ಸುಲಭವಾಗಿ ಬಂತು ಎಂಬುದನ್ನು ನೆನೆದರೆ ಈಗಲೂ ನನ್ನ ಬಗ್ಗೆ ಹೇಸಿಗೆಯಾಗುತ್ತದೆ.

ತಾಯಿ ಆ ಕತೆಯನ್ನು ನಂಬಿಯೇ ಸತ್ತಳು. ನಾನು ಮದುವೆಯಾಗಲಿಲ್ಲ. ಕಾರ್ಕಳದಲ್ಲಿ ಒಂದು ಕೋಣೆ ಉಂಟು; ಮನೆ ಎಂದು ಇರುವುದು ವಿನೋದಾಳದ್ದೇ. ಪ್ರತಿ ಭಾನುವಾರ ಅಲ್ಲಿ ಊಟ. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಐತಪ್ಪನ ಎಲೆಯ ಮುಂದೆ ನಿಂತು ಅವನನ್ನು ಕರೆಯುವುದು ನಾನು. “ರಣರಂಗದಲ್ಲಿ ಬೆನ್ನು ತೋರಿಸದ ಐತಪ್ಪ, ಬಾ, ನಿನಗೆ ಬಡಿಸಿದ್ದನ್ನು ಉಣ್ಣು” ಎನ್ನುತ್ತಿದ್ದೆ. ನಿಜ ತಿಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ಐವತ್ತಮೂರು ವರ್ಷ ಬಾಯಿ ಬಿಡದೆ ಇದ್ದದ್ದಕ್ಕೆ ಬೇರೆ ದೊಡ್ಡ ಕಾರಣವೇನೂ ಇಲ್ಲ. ಹೆದರಿಕೆ.

ಸಿನೆಮಾ ಆಗಸ್ಟ್ ಹದಿನೈದಕ್ಕೆ ಬಿಡುಗಡೆ. ಅದಕ್ಕೂ ಎರಡು ವಾರ ಮೊದಲು, ಒಂದು ಮಧ್ಯಾಹ್ನ, ಮಣಿಪಾಲದ ಮಾಲ್ ಒಂದರ ಥಿಯೇಟರಿನಲ್ಲಿ ಆಹ್ವಾನಿತರಿಗೆ ತೋರಿಸಿದರು. ವಿನೋದಾ ಬಂದಿದ್ದಳು, ಅವಳನ್ನು ಕಾರಿನಲ್ಲಿ ಕರೆತಂದ ಮೊಮ್ಮಗಳು ದೀಕ್ಷಿತಾ ಬಂದಿದ್ದಳು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹಾಕಿದರು. ಪರದೆಯ ಮೇಲೆ ಮೊದಲು ಬಂದದ್ದು ನನ್ನ ಹೆಸರು: ನಿವೃತ್ತ ಹವಾಲ್ದಾರ್ ಸುಂದರ ಅವರು ಕಣ್ಣಾರೆ ಕಂಡ ಸತ್ಯ.

ಆಮೇಲೆ ಎರಡೂಮುಕ್ಕಾಲು ಗಂಟೆ. ಐತಪ್ಪನಿಗೆ ಒಬ್ಬಳು ಪ್ರೇಯಸಿ ಹುಟ್ಟಿಕೊಂಡಿದ್ದಳು; ಬಿಳಿ ಸೀರೆ ಉಟ್ಟು ಕಾಪುವಿನ ಬಂಡೆಯ ಮೇಲೆ ಹಾಡುತ್ತಿದ್ದಳು. ಬಟಾಟೆ ಸಾಗಿಸುವ ನಮ್ಮ ದಳ ಕಮಾಂಡೋ ಪಡೆಯಾಗಿತ್ತು. ಹೀರೋ ಯುದ್ಧದ ನಡುವೆ ಅಂಗಿ ಬಿಚ್ಚಿದ, ಯಾಕೆಂದು ಯಾರೂ ಕೇಳಲಿಲ್ಲ. ನಲವತ್ತು ಜನರನ್ನು ಕೊಂದ. ಅದರಲ್ಲಿ ಒಬ್ಬನೇ ಹುಡುಗ ಮೂರು ಸಲ ಸತ್ತ, ಮೀಸೆ ಮಾತ್ರ ಬೇರೆ ಬೇರೆ. ನಜೀಬ್ ನಾಲ್ಕು ಸಲ ನಕ್ಕು ಸತ್ತ. ಕೊನೆಗೆ ಜೆಸಿಬಿಯ ಮೇಲೆ ಹತ್ತಿ, ಎದೆಗೆ ಗುಂಡು ತಿಂದು, ಹೀರೋ ತಾಯಿಗೆ, ದೇಶಕ್ಕೆ, ಪ್ರೇಯಸಿಗೆ ಬೇರೆ ಬೇರೆಯಾಗಿ ಮಾತು ಹೇಳಿದ. ಅಷ್ಟು ಉಸಿರು ಉಳಿದವನನ್ನು ಯಾವ ಆಸ್ಪತ್ರೆಯಾದರೂ ಬದುಕಿಸುತ್ತಿತ್ತು. ಜನ ಮಾತ್ರ ಶಿಳ್ಳೆ ಹೊಡೆದರು, ಮೂಗು ಒರೆಸಿಕೊಂಡರು. ನನಗೆ ಪರದೆಯ ಮೇಲೂ ಸಿಟ್ಟು, ಆ ಜನರ ಮೇಲೂ ಸಿಟ್ಟು.

ವಿನೋದಾ ಅಳಲಿಲ್ಲ. ದೀಪ ಹತ್ತಿದ ಮೇಲೆ ರೋಹಿತ್ ಮೈಕ್ ಹಿಡಿದು, ಹಿಂದೆ ಒಬ್ಬ ಕ್ಯಾಮೆರಾದವನನ್ನು ಕಟ್ಟಿಕೊಂಡು ಅವಳ ಬಳಿ ಬಂದ. “ಅಮ್ಮ, ನಿಮ್ಮ ಅಣ್ಣನನ್ನು ಮತ್ತೆ ನೋಡಿದ ಹಾಗೆ ಆಯಿತು ಅಲ್ವಾ?”

“ಇವನು ಯಾರು ಎಂದೇ ನನಗೆ ಗೊತ್ತಿಲ್ಲ” ಎಂದಳು ವಿನೋದಾ. ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿತು. “ನನ್ನ ಅಣ್ಣ ಕೊಂದದ್ದು ಏಳು ಜನ, ನಲವತ್ತಲ್ಲ. ಅವನು ಅಮ್ಮನಿಗೆ ಒಂದೇ ಮಾತು ಹೇಳಿದ್ದು. ನೀನು ಎಂತದನ್ನೆಲ್ಲ ಸೇರಿಸಿದ್ದೀ? ಸತ್ತವನ ಮೇಲೆ ಸುಳ್ಳು ಹೇಳಲಿಕ್ಕೆ ನಿನಗೆ ಯಾರು ಹೇಳಿದರು? ಇವರು ಕಣ್ಣಾರೆ ಕಂಡವರು ಇಲ್ಲೇ ಇದ್ದಾರೆ.” ಮೈಕನ್ನು ರೋಹಿತನ ಕೈಯಿಂದ ಕಿತ್ತು ನನ್ನ ಕೈಗೆ ಕೊಟ್ಟಳು. “ಸುಂದರಣ್ಣ, ಇವರಿಗೆ ನಿಜ ಹೇಳಿ.”

ಇನ್ನೂರು ಜನ ನನ್ನನ್ನು ನೋಡುತ್ತಿದ್ದರು. ಜೇಬಿನ ನೋಟುಬುಕ್ಕಿಗೆ ಕೈ ಹೋಯಿತು.

ನಾನು ಬೂಟಿನ ಬಗ್ಗೆ ಮಾತಾಡಿದೆ.

ಐದು ನಿಮಿಷ ಮಾತಾಡಿದೆ. ಬೂಟಿನ ಪಟ್ಟಿ, ರೈಫಲ್ಲು, ಬಂಗಾಳದಲ್ಲಿ ಇಲ್ಲದ ಬಂಡೆ, ದೀಪಸ್ತಂಭದ ನೆರಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ರೋಹಿತನೂ ಚಪ್ಪಾಳೆ ತಟ್ಟಿ, ಇದನ್ನೇ ಪ್ರಚಾರಕ್ಕೆ ಹಾಕಬಹುದು ಎಂದು ಕ್ಯಾಮೆರಾದವನಿಗೆ ಹೇಳಿದ. ವಿನೋದಾ ಮಾತ್ರ ತಟ್ಟಲಿಲ್ಲ. ಇನ್ನೂ ಎಂತದೋ ಬಾಕಿ ಉಂಟು ಎನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

ಕೆಳಗೆ ಪಾರ್ಕಿಂಗಿನಲ್ಲಿ ದೀಕ್ಷಿತಾಳ ಕಾರು ಎರಡು ಕಂಬಗಳ ನಡುವೆ ಸಿಕ್ಕಿಕೊಂಡಿತ್ತು. ಎದುರಿಗೆ ಯಾರೋ ದೊಡ್ಡ ಗಾಡಿ ತಂದು ನಿಲ್ಲಿಸಿದ್ದರು. ಹಿಂದೆ ತೆಗೆದು ತಿರುಗಿಸದೆ ಹೊರಗೆ ಬರುವ ಹಾಗಿರಲಿಲ್ಲ. ನಾನು ಛತ್ರಿ ಮಡಚುತ್ತ ಬದಿಯಲ್ಲಿ ನಿಂತಿದ್ದೆ. ವಿನೋದಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಾನು ನೋಡುತ್ತೇನೆ, ನೀನು ತೆಗೆ” ಎಂದು ಮೊಮ್ಮಗಳಿಗೆ ಹೇಳಿ ಕಾರಿನ ಹಿಂದೆ ಹೋದಳು. ಅವಳ ಬೆನ್ನಿಗೆ ಕಾಂಕ್ರೀಟಿನ ಗೋಡೆ. ಡಿಕ್ಕಿಯ ಮೇಲೆ ಅಂಗೈಯಿಂದ ಎರಡು ಬಡಿದಳು.

ಕಾರು ಹಿಂದೆ ಬಂತು.

“ನಿಲ್ಲಿಸು!” ಎಂದು ಕೂಗಿದೆ. ಸೈನ್ಯದಲ್ಲಿಯೂ ಹಾಗೆ ಕೂಗಿದವನಲ್ಲ. ಛತ್ರಿ ಬಿಸಾಡಿ, ವಿನೋದಾಳ ತೋಳು ಹಿಡಿದು ಎಳೆದೆ. ಇಬ್ಬರೂ ಪಕ್ಕದ ಸ್ಕೂಟರಿಗೆ ತಾಗಿ ನಿಂತೆವು. ಕಾರು ಗೋಡೆಯಿಂದ ಒಂದು ಮಾರು ದೂರದಲ್ಲಿ ನಿಂತಿತ್ತು.

ದೀಕ್ಷಿತಾ ಗಾಜು ಇಳಿಸಿದಳು. “ಎಂತ ಅಜ್ಜ? ಹಿಂದೆ ಕ್ಯಾಮೆರಾ ಉಂಟಲ್ಲ, ನನಗೆ ಎಲ್ಲ ಕಾಣುತ್ತದೆ.”

“ಎಂತಾಯಿತು ಸುಂದರಣ್ಣ?” ಎಂದಳು ವಿನೋದಾ. “ಅಣ್ಣ ಬಸ್ಸಿಗೆ ಬಡಿಯುತ್ತಿದ್ದ ಹಾಗೆ ಬಡಿದದ್ದು ನಾನು. ಅವನೇ ಕಲಿಸಿದ್ದು. ಎರಡು ಬಡಿದರೆ ಬರಲಿ, ಒಂದು ಬಡಿದರೆ...”

“ಅವನು ಸತ್ತದ್ದು ಹಾಗೆಯೇ” ಎಂದೆ.

ಅಲ್ಲೇ ಹೇಳಿದೆ. ಮಂಜು, ಬಟಾಟೆ, ಶಾಲೆಯ ಗೋಡೆ, ಬಡಿತ, ತೋಪು, ನನ್ನ ಕಾಲು. ಶತ್ರು ಇರಲಿಲ್ಲ, ರೈಫಲ್ ಇರಲಿಲ್ಲ, ಅಮ್ಮನಿಗೆ ಹೇಳಿದ ಮಾತೂ ಇರಲಿಲ್ಲ. ನಾನು ಇಳಿದು ಹೋಗುವಷ್ಟರಲ್ಲಿ ಅವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದರು.

ಎಲ್ಲ ಮುಗಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು. “ಅವನು ಕೊನೆಗೆ ಎಷ್ಟು ಬಡಿದದ್ದು?”

“ಒಂದು.”

“ಸರಿಯಾಗಿ ಬಡಿದನಲ್ಲ?”

“ಸರಿಯಾಗಿಯೇ ಬಡಿದ. ತಪ್ಪು ಕೇಳಿದ್ದು ನನಗೆ.”

ಅವಳು ಸೆರಗು ಬಿಚ್ಚಿ ಹೆಗಲಿಗೆ ಹೊದ್ದುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. ಐವತ್ತಮೂರು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಜೆಸಿಬಿಯನ್ನು ನಾನು ನೋಡಿದ ಹಾಗೆ ನೋಡಿದಳು.

“ಆ ಸಿನೆಮಾದ ಹುಡುಗ ಮೂರು ಗಂಟೆ ಸುಳ್ಳು ಹೇಳಿ ಮನೆಗೆ ಹೋದ” ಎಂದಳು. “ನೀವು ನಮ್ಮ ಮನೆಯಲ್ಲೇ ಕೂತು, ನಾವು ಬಡಿಸಿದ್ದನ್ನು ಉಂಡು, ನನ್ನ ಅಮ್ಮ ಸಾಯುವವರೆಗೆ ಹೇಳಿದಿರಿ. ಅಣ್ಣನ ಎಲೆಯ ಮುಂದೆ ನಿಂತು ಅವನಿಗೇ ಹೇಳಿದಿರಿ. ಅವನಿಗೆ ಗೊತ್ತಿಲ್ವಾ ಅವನು ಹೇಗೆ ಸತ್ತದ್ದು ಎಂದು? ಬೂಟು ಸರಿ ಇಲ್ಲವಂತೆ, ಬೂಟು!”

ಅವಳು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಗಾಜು ಅರ್ಧ ಇಳಿಸಿದಳು.

“ಬರುವ ಭಾನುವಾರ ಸತ್ತವರಿಗೆ ಬಡಿಸುವುದು ಉಂಟು. ಬನ್ನಿ. ಎಲೆಯ ಮುಂದೆ ನಿಂತು, ಈಗ ನನಗೆ ಹೇಳಿದ ಹಾಗೆ ಅವನಿಗೆ ಹೇಳಿ. ಒಂದು ಮಾತೂ ಸೇರಿಸಬಾರದು.”

ನಾನು ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದೆ. ಆ ವಾರವಿಡೀ ಹೋಗದಿರಲು ಕಾರಣ ಹುಡುಕಿದೆ. ಜ್ವರ, ಮಳೆ, ಮೊಣಕಾಲು. ಶಾಲೆಯಿಂದ ಹೆಡ್‌ಮಾಸ್ಟರು ಫೋನ್ ಮಾಡಿ, ಹದಿನೈದಕ್ಕೆ ತಪ್ಪದೆ ಬನ್ನಿ, ಸಿನೆಮಾದವರೂ ಬರುತ್ತಾರೆ ಎಂದರು. ಬರುವುದಿಲ್ಲ ಎಂದೆ. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, ಆ ಕತೆ ಸುಳ್ಳು, ಅದಕ್ಕೆ ಎಂದೆ. ಅವರು ಜೋರಾಗಿ ನಕ್ಕು, ನಿಮ್ಮ ತಮಾಷೆ ಹೋಗಲಿಲ್ಲ ಸಾರ್ ಎಂದರು. ಸುಳ್ಳನ್ನು ಇಷ್ಟು ವರ್ಷ ನಂಬಿದವರು ನಿಜವನ್ನು ಒಂದು ನಿಮಿಷ ನಂಬಲಿಲ್ಲ.

ಭಾನುವಾರ ಅಜೆಕಾರಿಗೆ ಹೋದೆ. ವಿನೋದಾ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಒಳಕೋಣೆಯಲ್ಲಿ ಎಲೆಗಳನ್ನು ಹಾಕಿ ಆಗಿತ್ತು. ಐತಪ್ಪನ ಎಲೆಯಲ್ಲಿ ರೊಟ್ಟಿ, ಕೋಳಿ ಸಾರು, ಹುರಿದ ಒಣಮೀನು; ಪಕ್ಕದಲ್ಲಿ ಒಂದು ಲೋಟ ಶೇಂದಿ, ಒಂದು ಕಟ್ಟು ಬೀಡಿ. ಮನೆಯವರೆಲ್ಲ ಬಾಗಿಲ ಬಳಿ ನಿಂತಿದ್ದರು. ದೀಕ್ಷಿತಾ ನನ್ನ ಮುಖ ನೋಡಲಿಲ್ಲ. ಸತ್ತವರನ್ನು ಕರೆದು, ಅವರು ಉಣ್ಣಲೆಂದು ಬಾಗಿಲು ಮುಚ್ಚಿ, ನಾವು ಹೊರಗೆ ಕಾಯುವುದು ಪದ್ಧತಿ.

ನಾನು ಕೈ ಮುಗಿದು ನಿಂತೆ. ಬೇರೆ ವರ್ಷಗಳಲ್ಲಿ ಕಾಲು ಗಂಟೆ ಮಾತಾಡುತ್ತಿದ್ದೆ, ದನಿ ಏರಿಸಿ ಇಳಿಸಿ ಮಾತಾಡುತ್ತಿದ್ದೆ. ಈಗ ನಾಲ್ಕು ವಾಕ್ಯ ಸಾಕಾಯಿತು.

“ಐತಪ್ಪ, ಮಂಜು ಇತ್ತು. ನೀನು ಹಿಂದೆ ನಿಂತಿದ್ದೆ. ನನಗೆ ಎರಡು ಬಡಿತ ಕೇಳಿತು. ನಾನು ಟ್ರಕ್ಕು ಹಿಂದೆ ತೆಗೆದು ನಿನ್ನನ್ನು ಕೊಂದೆ.”

ಹೇಳಿ ತಿರುಗಿದೆ. ವಿನೋದಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅವನು ಎಷ್ಟು ಬಡಿದದ್ದು ಎಂದು ಹೇಳಲಿಲ್ಲ ನೀವು” ಎಂದಳು. “ಹೇಳಿ. ತಾನೇ ತಪ್ಪು ಬಡಿದೆ ಎಂದುಕೊಂಡು ಕೂತಿದ್ದಾನೋ ಏನೋ ಇಷ್ಟು ವರ್ಷ.”

ನಾನು ಮತ್ತೆ ಎಲೆಯ ಕಡೆ ತಿರುಗಿದೆ. ಗೋಡೆ ಹಿಡಿದುಕೊಂಡು ಅತ್ತೆ. ಟ್ರಕ್ಕಿನಿಂದ ಇಳಿದ ದಿನವೂ ಹಾಗೆ ಅತ್ತಿರಲಿಲ್ಲ. ಅವಳು ಕಾದಳು. ಉಳಿದವರನ್ನೂ ಕಾಯಿಸಿದಳು.

“ನೀನು ಒಂದೇ ಬಡಿದದ್ದು ಐತಪ್ಪ” ಎಂದೆ.

ಆಮೇಲೆ ವಿನೋದಾ ದಾರಿ ಬಿಟ್ಟು, ನಾನು ಹೊರಗೆ ಬಂದ ಮೇಲೆ ಬಾಗಿಲು ಮುಚ್ಚಿದಳು.